ಭದ್ರಾವತಿ 675 ಕೇಳಿಸುತ್ತಿಲ್ಲ: ಯಾವ ಆಂಟೆನಾ ಕಟ್ಟಲಿ?

ಬೆಟ್ಟದಡಿ (ಮೇ 18)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಒಳಗೆ, ಗುಡ್ಡದ ಬುಡದಲ್ಲಿ ನಮ್ಮ ಮನೆ. ಸುತ್ತ ಅಡಿಕೆ ತೋಟ. ಅಮ್ಮನಿಗೆ 81 ವರ್ಷ. ಕಣ್ಣು ಮಂಜಾಗಿ ಪೇಪರ್ ಓದುವುದನ್ನು ಬಿಟ್ಟಿದ್ದಾರೆ, ಟಿ.ವಿ. ಅವರಿಗೆ ಮೊದಲಿನಿಂದಲೂ ಆಗದು. ಉಳಿದಿರುವುದು ರೇಡಿಯೊ ಒಂದೇ. ಬೆಳಿಗ್ಗೆ ಚಿಂತನ, ವಾರ್ತೆ, ಸಂಜೆ ಯಕ್ಷಗಾನ ಇದ್ದರೆ ಆ ದಿನ ಊಟ ಸ್ವಲ್ಪ ಬೇಗ.

ಹತ್ತು ವರ್ಷದ ಹಿಂದೆ ಅಡುಗೆಮನೆಯ ಕಿಟಕಿಯಲ್ಲಿ ಟ್ರಾನ್ಸಿಸ್ಟರ್ ಇಟ್ಟರೆ ಭದ್ರಾವತಿ ಆಕಾಶವಾಣಿ ಚೆನ್ನಾಗಿ ಬರುತ್ತಿತ್ತು. ಈಗ ಹಿಟ್ಟಿನ ಗಿರಣಿ ಪಕ್ಕದಲ್ಲಿ ಕುಳಿತಂತೆ ಒಂದೇ ಸಮನೆ ಗೊರಗೊರ, ಅದರ ಮೇಲೆ ಟಕ್ ಟಕ್. ಹೊಸ ಸೆಟ್ ತಂದು ನೋಡಿದೆ, ಅದೂ ಹಾಗೆಯೇ. ಅಂಗಡಿಯವನು ಹೊರಗೆ ಆಂಟೆನಾ ಕಟ್ಟಿ ಎಂದ. ಯಾವ ಆಂಟೆನಾ, ಎಷ್ಟು ಉದ್ದ, ಎಷ್ಟು ಎತ್ತರ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಮಳೆ ಹಿಡಿಯುವ ಮೊದಲು ಕಟ್ಟಿ ಮುಗಿಸಬೇಕು. ದಾರಿ ಹೇಳಿ.

ಡಿಜಿಟಲ್ ದಾಸ

ಆಕಾಶವಾಣಿಯ ಆ್ಯಪ್ ಇದೆಯಲ್ಲ, ಮೊಬೈಲಿಗೆ ಹಾಕಿಕೊಡಿ. 2 ನಿಮಿಷದ ಕೆಲಸಕ್ಕೆ ತಂತಿ, ಕಂಬ ಎಲ್ಲ ಏಕೆ?

ಬೆಟ್ಟದಡಿ

ದಾಸರೇ, ನಮ್ಮಲ್ಲಿ ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋದರೆ ಮೂರು ದಿನ. ಮೊದಲ ದಿನವೇ ಟವರಿನ ಬ್ಯಾಟರಿ ಮುಗಿದು ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಯಾವ ಹೊಳೆ ಏರಿದೆ, ಎಲ್ಲಿ ಶಾಲೆಗೆ ರಜೆ ಎಂದು ಕೇಳಬೇಕಾದದ್ದು ಆಗಲೇ. ಅದೂ ಅಲ್ಲದೆ ಅಮ್ಮನಿಗೆ ಗುಂಡಿ ತಿರುಗಿಸಿದರೆ ರೇಡಿಯೊ, ಗಾಜು ಒರೆಸಿದರೆ ಅಲ್ಲ.

ಎರಡೇ ಸೆಲ್

ಗಾಜು ಒರೆಸಿದರೆ ರೇಡಿಯೊ ಅಲ್ಲ. ಈ ಮಾತನ್ನು ನಾನು ಬರೆದಿಟ್ಟುಕೊಂಡೆ.

ಉದ್ದ ತಂತಿ

ಇದಕ್ಕೆ ನೂರು ವರ್ಷದಿಂದ ಒಂದೇ ಮದ್ದು: ತಂತಿ ಕಟ್ಟಿ, ಉದ್ದವಾಗಿ ಕಟ್ಟಿ, ಎತ್ತರಕ್ಕೆ ಕಟ್ಟಿ.

ನಾನು ಧಾರವಾಡದ ಕಡೆಯ ನಿವೃತ್ತ ಮಾಸ್ತರ. 1960ರ ದಶಕದಲ್ಲಿ ನಮ್ಮ ತಂದೆ ವಾಲ್ವ್ ರೇಡಿಯೊ ತಂದಾಗ ಹಿತ್ತಿಲಿನ ಬೇವಿನ ಮರದಿಂದ ಮಾಳಿಗೆಯ ಮೇಲಿನ ಬಿದಿರಿಗೆ ತಾಮ್ರದ ತಂತಿ ಎಳೆದಿದ್ದರು. ಎರಡೂ ತುದಿಗೆ ಪಿಂಗಾಣಿ ಇನ್ಸುಲೇಟರ್. ಅರ್ತಿಂಗಿಗೆ ಬಚ್ಚಲಿನ ಹೊರಗೆ ಗುಂಡಿ ತೋಡಿ ತಾಮ್ರದ ತಗಡು, ಅದರ ಮೇಲೆ ಇದ್ದಿಲು, ಉಪ್ಪು. ಆ ಗುಂಡಿ ಒಣಗಬಾರದೆಂದು ದಿನಾ ಒಂದು ಕೊಡ ನೀರು ಸುರಿಯುವುದು ನನ್ನ ಪಾಲಿನ ಕೆಲಸ. ನೀರು ಹಾಕಿದ ದಿನ ರೇಡಿಯೊ ಸಿಲೋನ್ ಗಟ್ಟಿಯಾಗಿ ಬರುತ್ತಿತ್ತು, ಮರೆತ ದಿನ ಕ್ಷೀಣ. ನಂಬಿ, ಬಿಡಿ. ಆಗ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. ಆ ಪುಸ್ತಕ ಇನ್ನೂ ನನ್ನ ಟ್ರಂಕಿನಲ್ಲಿದೆ.

ನಿಮ್ಮಲ್ಲಿ ಅಡಿಕೆ ಮರಗಳಿಗೆ ಬರವಿಲ್ಲ. 30 ಮೀಟರ್ ತಂತಿ ಎಳೆಯಿರಿ, ಅದರ ಕೊನೆಯನ್ನು ರೇಡಿಯೊಕ್ಕೆ ಸುತ್ತಿರಿ, ಮುಗಿಯಿತು.

ಮಲೆನಾಡ ಮಳೆ

ಅಡಿಕೆ ಮರಕ್ಕೆ ತಂತಿ ಬಿಗಿದು ಕಟ್ಟಬೇಡಿ. ಗಾಳಿಗೆ ಅವು ಒಂದೊಂದೂ ಒಂದೊಂದು ಕಡೆ ತೂಗುತ್ತವೆ, ಮೊದಲ ಮಳೆಗೇ ತಂತಿ ತುಂಡು. ಒಂದು ತುದಿಯನ್ನು ನೈಲಾನ್ ಹಗ್ಗಕ್ಕೆ ಕಟ್ಟಿ, ಹಗ್ಗವನ್ನು ಸಣ್ಣ ರಾಟೆಯ ಮೇಲೆ ಹಾಯಿಸಿ, ಕೆಳಗೆ ಎರಡು ಕೆ.ಜಿ. ಕಲ್ಲು ತೂಗುಬಿಡಿ. ಮರ ವಾಲಿದಾಗ ಕಲ್ಲು ಏರುತ್ತದೆ, ನೆಟ್ಟಗಾದಾಗ ಇಳಿಯುತ್ತದೆ. ನಮ್ಮದು ಹಾಗೆಯೇ ನಾಲ್ಕು ಮಳೆಗಾಲ ಕಂಡಿದೆ.

ಗ್ಯಾಂಗ್ ಕಂಡೆನ್ಸರ್

ಎಲ್ಲರೂ ಸ್ವಲ್ಪ ತಡೆಯಿರಿ. ರೋಗಿಯ ಕೈ ಹಿಡಿದು ನೋಡದೆ ಔಷಧ ಬರೆಯುತ್ತಿದ್ದೀರಿ.

ಬೆಟ್ಟದಡಿಯವರೇ, ನಿಮ್ಮೂರಿನಿಂದ ಭದ್ರಾವತಿಗೆ ನೇರ ದೂರ 50–60 ಕಿ.ಮೀ. ಇರಬಹುದು. ಮೀಡಿಯಂ ವೇವ್‌ಗೆ ಅದು ದೊಡ್ಡ ದೂರವೇ ಅಲ್ಲ. 675 ಕಿಲೋಹರ್ಟ್ಸ್ ಎಂದರೆ ಅಲೆಯ ಉದ್ದ 444 ಮೀಟರ್. ಅಂಥ ಅಲೆ ನೆಲವನ್ನು ತಬ್ಬಿಕೊಂಡು ಗುಡ್ಡ ಹತ್ತಿ ಇಳಿದು ಬರುತ್ತದೆ. ಹತ್ತು ವರ್ಷದ ಹಿಂದೆ ಕಿಟಕಿಯಲ್ಲಿ ಕೇಳಿಸುತ್ತಿತ್ತು ಎಂದ ಮೇಲೆ ಗುಡ್ಡವೇನೂ ಆಮೇಲೆ ಬೆಳೆದದ್ದಲ್ಲವಲ್ಲ?

ನನ್ನ ಸಂಶಯ, ಸಿಗ್ನಲ್ ಕಡಿಮೆಯಾಗಿಲ್ಲ, ಗದ್ದಲ ಹೆಚ್ಚಾಗಿದೆ. ಗದ್ದಲದ ಮನೆಗೆ ಉದ್ದ ತಂತಿ ಎಳೆದರೆ ಗದ್ದಲವೂ ಉದ್ದವಾಗಿಯೇ ಬರುತ್ತದೆ. ಒಂದು ಪರೀಕ್ಷೆ ಮಾಡಿ. ಸೆಲ್ ಹಾಕಿದ ರೇಡಿಯೊವನ್ನು 675ರಲ್ಲಿ ಹಚ್ಚಿಡಿ. ಮೀಟರ್ ಬೋರ್ಡಿನಲ್ಲಿ ಮೇನ್ ಸ್ವಿಚ್ ತೆಗೆಯಿರಿ. ಯುಪಿಎಸ್ ಇದ್ದರೆ ಅದನ್ನೂ ಆರಿಸಿ, ಇಲ್ಲದಿದ್ದರೆ ಮೇನ್ ತೆಗೆದರೂ ಅದು ಮನೆಯೊಳಗೆ ಕರೆಂಟ್ ತುಂಬುತ್ತಲೇ ಇರುತ್ತದೆ. ಏನು ಬದಲಾಯಿತು ಎಂದು ಬಂದು ಹೇಳಿ. ಅಲ್ಲಿಯವರೆಗೆ ಒಂದು ಅಡಿ ತಂತಿಯನ್ನೂ ಕೊಳ್ಳಬೇಡಿ.

ಉದ್ದ ತಂತಿ

ಗ್ಯಾಂಗ್ ಅವರೇ, ತಂತಿ ಗದ್ದಲ ತರುವುದಾದರೆ ನಮ್ಮ ತಂದೆಯ ಸೆಟ್ಟಿನಲ್ಲಿ ಏಕೆ ತರಲಿಲ್ಲ?

ಗ್ಯಾಂಗ್ ಕಂಡೆನ್ಸರ್

ಮಾಸ್ತರರೇ, ಆಗ ನಿಮ್ಮ ಮನೆಯಲ್ಲಿ ಕರೆಂಟಿನ ಸಾಮಾನು ಎಷ್ಟಿತ್ತು? ನಾಲ್ಕು ಬಲ್ಬು, ಅವೂ ತಂತಿ ಕಾದು ಉರಿಯುವಂಥವು. ಈಗ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ವೈಫೈ ಪೆಟ್ಟಿಗೆ, ಎಲ್ಲದರ ಒಳಗೂ ಸೆಕೆಂಡಿಗೆ ಸಾವಿರಾರು ಬಾರಿ ಕರೆಂಟನ್ನು ಕಡಿದು ಜೋಡಿಸುವ ಸರ್ಕ್ಯೂಟ್ ಇದೆ. ಅಗ್ಗದ ಚಾರ್ಜರ್ ಎಂದರೆ ಒಂದು ಚಿಕ್ಕ ಪ್ರಸಾರ ಕೇಂದ್ರವೇ.

ಇನ್ನೊಂದು, ನಿಮ್ಮ ವಾಲ್ವ್ ಸೆಟ್ಟಿನ ಹಿಂಬದಿಯಲ್ಲಿ ಆಂಟೆನಾಕ್ಕೂ ಅರ್ತಿಂಗಿಗೂ ಬೇರೆ ಬೇರೆ ತೂತುಗಳಿದ್ದವು. ಹೊರಗಿನ ತಂತಿ ಇದ್ದರೆ ಮಾತ್ರ ಅದು ಹಾಡುತ್ತಿತ್ತು. ಟ್ರಾನ್ಸಿಸ್ಟರಿನ ಹೊಟ್ಟೆಯಲ್ಲಿ ಫೆರೈಟ್ ಕಡ್ಡಿ ಇದೆ. ಮೀಡಿಯಂ ವೇವ್‌ಗೆ ಅದೇ ಆಂಟೆನಾ. ಮೇಲೆ ಎಳೆಯುವ ಕೋಲು ಎಫ್‌ಎಂ, ಶಾರ್ಟ್‌ವೇವ್‌ಗೆ ಮಾತ್ರ. ಇದು ಗೊತ್ತಿಲ್ಲದೆ ಜನ ಕೋಲನ್ನು ಎಳೆದೆಳೆದು ಮುರಿಯುತ್ತಾರೆ.

ಎರಡೇ ಸೆಲ್

ನಮ್ಮ ಮನೆಯಲ್ಲಿ ಮೂರು ಕೋಲು ಮುರಿದಿವೆ. ಇವತ್ತು ಜ್ಞಾನೋದಯವಾಯಿತು.

ಮೈಸೂರಿನವ

ನಮ್ಮಜ್ಜಿಯ ಮನೆಯಲ್ಲಿ ಹೊರಗಿನ ತಂತಿಯ ಬದಲು ತಾಮ್ರದ ಬಲೆಯಂಥ ಪಟ್ಟಿಯನ್ನು ಹಜಾರದ ಒಂದು ಗೋಡೆಯಿಂದ ಇನ್ನೊಂದಕ್ಕೆ ತೂಗುಹಾಕಿದ್ದರು. ಯುಗಾದಿಗೆ ಅದರ ಮೇಲೆ ಮಾವಿನೆಲೆ ಸಿಕ್ಕಿಸುತ್ತಿದ್ದರು. ನಾನು ಬಹಳ ವರ್ಷ ಅದು ತೋರಣಕ್ಕೆಂದೇ ಇರುವುದು ಎಂದುಕೊಂಡಿದ್ದೆ.

ರಾಗಿಮುದ್ದೆ

ಪ್ರಸಾರ ಎಂದಾಗ ನೆನಪಾಯಿತು. ಆಕಾಶವಾಣಿ ಎಂಬ ಹೆಸರು ಕೊಟ್ಟದ್ದು ಟಾಗೋರರು ತಾನೇ?

ಮೈಸೂರಿನವ

ಅಲ್ಲ, ಅಲ್ಲ, ಅಲ್ಲ. ಈ ಮಾತು ಬಂದಾಗಲೆಲ್ಲ ನಾನು ಜಗಳಕ್ಕೆ ನಿಲ್ಲುತ್ತೇನೆ. 1935ರಲ್ಲೇ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ನಡೆಸುತ್ತಿದ್ದರು. ಅದರ ಹೆಸರೇ ಆಕಾಶವಾಣಿ. ಇಡೀ ದೇಶದ ರೇಡಿಯೊಕ್ಕೆ ಆ ಹೆಸರು ಬಂದದ್ದು 1950ರ ದಶಕದಲ್ಲಿ. ಆ ಹೆಸರು ಬರುವ ಟಾಗೋರರ ಪದ್ಯ ಮೈಸೂರಿನ ಕೇಂದ್ರಕ್ಕಿಂತ ಈಚಿನದು.

ಗ್ಯಾಂಗ್ ಕಂಡೆನ್ಸರ್

ಅಯ್ಯಾ, ಅವರ ಅಮ್ಮನ ರೇಡಿಯೊ ಮೊದಲು ರಿಪೇರಿ ಮಾಡೋಣವೇ?

ಬೆಟ್ಟದಡಿ (ಮೇ 20)

ಮಾಡಿದೆ. ಮೇನ್ ತೆಗೆದು ಯುಪಿಎಸ್ ಆರಿಸಿದ ಕೂಡಲೇ ಗೊರಗೊರ ಮುಕ್ಕಾಲು ಪಾಲು ಹೋಯಿತು! ವಾರ್ತೆ ಓದುವವರ ಉಸಿರು ಕೇಳಿಸುವಷ್ಟು ಅಲ್ಲದಿದ್ದರೂ ಮಾತು ಮಾತಾಗಿ ಕೇಳಿಸಿತು. ಆದರೆ ಟಕ್ ಟಕ್ ಹಾಗೆಯೇ ಇದೆ. ಗಡಿಯಾರದ ಹಾಗೆ, ಸೆಕೆಂಡಿಗೆ ಒಂದು. ಮನೆಯಲ್ಲಿ ಕರೆಂಟೇ ಇಲ್ಲದಿರುವಾಗ ಅದು ಎಲ್ಲಿಂದ?

ನಿವೃತ್ತ ಲೈನ್‌ಮ್ಯಾನ್

ನಿಮ್ಮ ತೋಟಕ್ಕೆ ಸೋಲಾರ್ ಬೇಲಿ ಇದೆಯೇ?

ಬೆಟ್ಟದಡಿ

ಇದೆ. ಹಂದಿ ಕಾಟ, ನಾಲ್ಕು ವರ್ಷದ ಹಿಂದೆ ಹಾಕಿಸಿದೆವು. ಓ.

ಎರಡೇ ಸೆಲ್

ಆ "ಓ" ಎಂಬ ಒಂದಕ್ಷರದಲ್ಲಿ ಎಷ್ಟು ಅರ್ಥ!

ನಿವೃತ್ತ ಲೈನ್‌ಮ್ಯಾನ್

ಸೋಲಾರ್ ಬೇಲಿಯ ಯಂತ್ರ ಸುಮಾರು ಸೆಕೆಂಡಿಗೊಮ್ಮೆ ತಂತಿಗೆ ಹೊಡೆತ ಕೊಡುತ್ತದೆ. ಬೇಲಿ ಶುದ್ಧವಾಗಿದ್ದರೆ ರೇಡಿಯೊದಲ್ಲಿ ಸಣ್ಣ ಚಿಟಿಕೆಯಷ್ಟೇ ಕೇಳಿಸಬೇಕು. ನಿಮ್ಮಲ್ಲಿ ಜೋರಾಗಿ ಕೇಳಿಸುತ್ತಿದೆ ಎಂದರೆ ಎಲ್ಲೋ ಕಿಡಿ ಹಾರುತ್ತಿದೆ. ಲಂಟಾನ ತಗುಲಿರಬಹುದು, ಇನ್ಸುಲೇಟರ್ ಬಿರುಕು ಬಿಟ್ಟಿರಬಹುದು, ತಂತಿಗೆ ತಂತಿ ಸುತ್ತಿದ ಗಂಟು ತುಕ್ಕು ಹಿಡಿದಿರಬಹುದು. ರಾತ್ರಿ ದೀಪವಿಲ್ಲದೆ ಬೇಲಿಯ ಉದ್ದಕ್ಕೂ ನಡೆಯಿರಿ. ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ, ಕಿವಿಗೂ ಚಟಚಟ ಎನ್ನುತ್ತದೆ. ಕೆಲಸ ಮಾಡುವಾಗ ಯಂತ್ರ ಆರಿಸಿ.

ಇನ್ನೊಂದು ಗುರುತು ಹೇಳುತ್ತೇನೆ, ನಲವತ್ತು ವರ್ಷ ಕಂಬ ಹತ್ತಿ ಕಲಿತದ್ದು. ಬಿಸಿಲಿನಲ್ಲಿ ಗೊರಗುಟ್ಟಿ ಮಳೆ ಬಂದ ಕೂಡಲೇ ನಿಂತರೆ ಅದು ಹೆಚ್ಚಾಗಿ 11 ಕೆ.ವಿ. ಲೈನಿನ ದೋಷ, ಸಡಿಲ ಇನ್ಸುಲೇಟರ್ ಅಥವಾ ಬೈಂಡಿಂಗ್. ಮಳೆ ಬಂದಾಗ ಹೆಚ್ಚಾದರೆ ಬೇಲಿ, ಒದ್ದೆ ಎಲೆಗಳಿಂದ ಸೋರಿಕೆ. ಮೊದಲನೆಯದಾದರೆ ಶಾಖಾ ಕಚೇರಿಗೆ ಬರೆದುಕೊಡಿ, ನೀವು ಕಂಬ ಮುಟ್ಟಬೇಡಿ.

ತಂತಿ ಎಳೆಯುವ ಮಾತು ನಡೆಯುತ್ತಿದೆಯಲ್ಲ, ಅದಕ್ಕೂ ಹೇಳಿಬಿಡುತ್ತೇನೆ. ಲೈನ್ ಹಾದುಹೋಗುವ ಕಡೆ, ಅದರ ಮೇಲಾಗಲಿ ಕೆಳಗಾಗಲಿ, ಆಂಟೆನಾ ತಂತಿ ಬೇಡವೇ ಬೇಡ. ದೋಟಿಯಿಂದ ಎತ್ತಿ ಹಾಕುವ ಸಾಹಸವೂ ಬೇಡ. ಅಲ್ಯೂಮಿನಿಯಂ ದೋಟಿ ಲೈನಿಗೆ ತಗುಲಿ ಸತ್ತವರನ್ನು ನಾನು ಕೆಳಗಿಳಿಸಿದ್ದೇನೆ. ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟ್ ಹರಿಯುತ್ತದೆ, ಹಗುರ ಎಂದು ಮೋಸ ಹೋಗಬೇಡಿ.

ಮಲೆನಾಡ ಮಳೆ

ಕಾರ್ಬನ್ ಫೈಬರಿನಲ್ಲೂ ಹರಿಯುತ್ತದೆಯೇ? ನಮ್ಮ ಕೊನೆಗಾರನಿಗೆ ಇವತ್ತೇ ಹೇಳುತ್ತೇನೆ.

ಗ್ಯಾಂಗ್ ಕಂಡೆನ್ಸರ್

ಲೈನ್‌ಮ್ಯಾನ್ ಅವರು ಹೇಳಿದ್ದನ್ನು ಎಲ್ಲರೂ ಎರಡು ಸಲ ಓದಿ.

ಈಗ ಬೆಟ್ಟದಡಿಯವರಿಗೆ ಮುಂದಿನ ಹೆಜ್ಜೆ. ಮೇನ್ ಹಾಕಿ, ಒಳಗಿನ ಸ್ವಿಚ್‌ಗಳನ್ನು ಒಂದೊಂದಾಗಿ ಆರಿಸುತ್ತ ಬನ್ನಿ. ಟ್ರಾನ್ಸಿಸ್ಟರನ್ನು ಕೈಯಲ್ಲಿ ಹಿಡಿದು ಮನೆಯೆಲ್ಲ ಓಡಾಡಿ. ಗದ್ದಲ ಹುಡುಕಲು ಇದಕ್ಕಿಂತ ಒಳ್ಳೆಯ ಉಪಕರಣ ಇಲ್ಲ. ಕಳ್ಳ ಸಿಕ್ಕ ಮೇಲೆ ಬನ್ನಿ, ಆಂಟೆನಾ ಆಮೇಲೆ.

ಹಾಗೆಯೇ ರೇಡಿಯೊವನ್ನು ನಿಧಾನವಾಗಿ ತಿರುಗಿಸಿ ನೋಡಿ. ಒಳಗಿನ ಫೆರೈಟ್ ಕಡ್ಡಿ ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದಕ್ಕೆ ಮಲಗಿರುತ್ತದೆ. ಕಡ್ಡಿಯ ಮಗ್ಗುಲು ನಿಲಯದ ಕಡೆಗಿದ್ದರೆ ದನಿ ಹೆಚ್ಚು, ತುದಿ ನಿಲಯವನ್ನು ತೋರಿಸುತ್ತಿದ್ದರೆ ದನಿ ಬಹುತೇಕ ಮಾಯ. ನಿಮಗೆ ಭದ್ರಾವತಿ ಪೂರ್ವಕ್ಕೆ, ತುಸು ಉತ್ತರಕ್ಕೆ ವಾಲಿ ಇದೆ. ಅಂದರೆ ರೇಡಿಯೊದ ಮುಖವೋ ಬೆನ್ನೋ ಅತ್ತ ಇರಬೇಕು.

ರಾಗಿಮುದ್ದೆ

ನನ್ನ ಹಳೆಯ ಸೆಟ್ಟಿನಲ್ಲಿ ಭದ್ರಾವತಿ 680ರಲ್ಲಿ ಬರುತ್ತದೆ. 675 ಅಲ್ಲ.

ಗ್ಯಾಂಗ್ ಕಂಡೆನ್ಸರ್

ನಿಮ್ಮ ಮುಳ್ಳು ಸುಳ್ಳು ಹೇಳುತ್ತಿದೆ. ನಮ್ಮ ದೇಶದಲ್ಲಿ ಮೀಡಿಯಂ ವೇವ್ ನಿಲಯಗಳ ನಡುವೆ 9 ಕಿಲೋಹರ್ಟ್ಸ್ ಅಂತರ, ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. ಬೆಂಗಳೂರು 612, ಭದ್ರಾವತಿ 675, ಧಾರವಾಡ 765, ಮಂಗಳೂರು 1089, ಕಲಬುರಗಿ 1107. ಭಾಗಿಸಿ ನೋಡಿ.

ರಾಗಿಮುದ್ದೆ

ಭಾಗಿಸಿದೆ. ಮುಳ್ಳಿಗೆ ಎರಡು ತಟ್ಟಿದೆ.

ಕರಾವಳಿ ಕಿವಿ

ಮಂಗಳೂರು 1089 ಎಂದಿರಲ್ಲ, ಅದರ ಪ್ರಸಾರ ಕಂಬ ಇರುವುದು ನಮ್ಮ ಬ್ರಹ್ಮಾವರದಲ್ಲಿ. ಉಪ್ಪುನೀರಿನ ಮೇಲೆ ಮೀಡಿಯಂ ವೇವ್ ಸಲೀಸಾಗಿ ಓಡುತ್ತದೆ, ಮೀನುಗಾರರಿಗೆ ದೋಣಿಯಲ್ಲಿ ಬಹಳ ದೂರದವರೆಗೂ ಸಿಗುತ್ತದೆ. ಅದೇ ಘಟ್ಟ ಹತ್ತಿದ ಮೇಲೆ ಬೇಗ ಸೊರಗುತ್ತದೆ.

ನನ್ನ ಹುಚ್ಚು ಎಫ್‌ಎಂ. ಮಂಗಳೂರು 100.3ಕ್ಕೆ ಡೈಪೋಲ್, ಅಂದರೆ ಎರಡು ತುಂಡಿನ ಆಂಟೆನಾ, ಮಾಡಿಕೊಂಡಿದ್ದೇನೆ. 143 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ: 1.43 ಮೀಟರ್ ಹತ್ತಿರ. ಎರಡು ತುಂಡು, ಒಂದೊಂದು 71 ಸೆಂ.ಮೀ. ನಡುವೆ ಡಿಶ್ ಟಿ.ವಿ.ಯ ಕೇಬಲ್. ಖರ್ಚು ನೂರು ರೂಪಾಯಿ ದಾಟಲಿಲ್ಲ. ಅಡ್ಡ ಇಟ್ಟು ನೋಡಿ, ನೆಟ್ಟಗೆ ಇಟ್ಟು ನೋಡಿ, ಯಾವುದು ಚೆನ್ನಾಗಿದೆಯೋ ಹಾಗೆ ಬಿಗಿಯಿರಿ. ಫೆಬ್ರುವರಿ, ಮಾರ್ಚ್ ತಿಂಗಳ ಕೆಲವು ಮುಂಜಾನೆ ನನಗೆ ಮಂಗಳೂರಿನ ಜಾಗದಲ್ಲಿ ಮಲಯಾಳ ಕೇಳಿಸುತ್ತದೆ. ಸಮುದ್ರದ ಮೇಲೆ ತಂಪು ಗಾಳಿ, ಅದರ ಮೇಲೆ ಬಿಸಿ ಗಾಳಿ ಹೊದಿಕೆಯಂತೆ ಕುಳಿತಾಗ ಅಲೆಗಳು ಆ ಸಂದಿಯಲ್ಲೇ ಜಾರುತ್ತ ಬರುತ್ತವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮುಂಬೈಯ ರೇಡಾರ್‌ಗೆ ಅರೇಬಿಯದ ಕರಾವಳಿ ಕಾಣಿಸಿದ್ದೂ ಇದೇ ಚಮತ್ಕಾರದಿಂದ.

ಡಿಜಿಟಲ್ ದಾಸ

ಎಫ್‌ಎಂಗೆ ಅಟ್ಟದ ಮೇಲಿರುವ ದೂರದರ್ಶನದ ಹಳೆಯ ಆಂಟೆನಾ ಆಗುವುದಿಲ್ಲವೇ? ಮೀನಿನ ಮುಳ್ಳಿನಂತಿದೆಯಲ್ಲ, ಅದು.

ಕರಾವಳಿ ಕಿವಿ

ಕಡ್ಡಿಯ ಉದ್ದ ಅಳೆಯಿರಿ. ಉದ್ದದ್ದು 80 ಸೆಂ.ಮೀ. ಆಸುಪಾಸಿನಲ್ಲಿದ್ದರೆ ಅದು 200 ಮೆಗಾಹರ್ಟ್ಸ್ ಹತ್ತಿರದ ಟಿ.ವಿ. ಚಾನೆಲ್ಲಿನದು, ಎಫ್‌ಎಂಗೆ ಗಿಡ್ಡ. ಹಾಗೆಂದು ಗುಜರಿಗೆ ಹಾಕಬೇಡಿ. ಪೈಪು ಬಿಚ್ಚಿಕೊಳ್ಳಿ, ನಡುವಿನ ಡಬ್ಬಿಯಲ್ಲಿರುವ ಬಾಲನ್ ಬಿಚ್ಚಿಕೊಳ್ಳಿ. ಮಡಚಿದ ಡೈಪೋಲ್ ಮಾಡಿದರೆ ಅದರ 300 ಓಮ್ ಅನ್ನು ಕೇಬಲ್ಲಿನ 75 ಓಮ್‌ಗೆ ಇಳಿಸಲು ಆ ಬಾಲನ್ ಬೇಕು. ದಾಸರೇ, ನೀವೂ ತಂತಿಯ ದಾರಿಗೆ ಬಂದಿರಿ ಎಂದಾಯಿತು.

ಡಿಜಿಟಲ್ ದಾಸ

ಕೇಳಿದೆ ಅಷ್ಟೇ.

ಬೆಟ್ಟದಡಿ (ಮೇ 23)

ಕಳ್ಳರು ಇಬ್ಬರು. ಒಬ್ಬ ಅಡುಗೆಮನೆಯ ಎಲ್‌ಇಡಿ ಬಲ್ಬ್, ರೇಡಿಯೊದಿಂದ ಎರಡು ಮಾರು ದೂರದಲ್ಲಿ ನೇತಾಡುತ್ತಿದ್ದವನು. ಇನ್ನೊಬ್ಬ ಮಗನ ಮೊಬೈಲ್ ಚಾರ್ಜರ್, ಸಂತೆಯಲ್ಲಿ ಎಂಬತ್ತು ರೂಪಾಯಿಗೆ ತಂದದ್ದು. ಮೊಬೈಲ್ ಸಿಕ್ಕಿಸದೆ ಬರಿದೇ ಸಾಕೆಟ್ಟಿನಲ್ಲಿದ್ದರೂ ಗೊರಗುಡುತ್ತದೆ! ರೇಡಿಯೊವನ್ನು ಅದರ ಹತ್ತಿರ ಹಿಡಿದಾಗ ಬಂದ ಸದ್ದಿಗೆ ನಮ್ಮ ನಾಯಿ ಎದ್ದು ಹೊರಗೆ ಹೋಯಿತು.

ಬಲ್ಬ್ ಬದಲಾಯಿಸಿದೆ. ಚಾರ್ಜರ್ ಬಚ್ಚಿಟ್ಟಿದ್ದೇನೆ, ಮಗ ಹುಡುಕುತ್ತಿದ್ದಾನೆ. ಹಗಲು ಈಗ ಪರವಾಗಿಲ್ಲ. ಸಂಜೆ ಏಳರ ಮೇಲೆ ಮಾತ್ರ ಭದ್ರಾವತಿಯ ಹಿಂದೆ ಯಾವುದೋ ಭಾಷೆಯ ಹಾಡು ಅಲೆಯಲೆಯಾಗಿ ಬಂದು ಹೋಗುತ್ತದೆ. ಯಕ್ಷಗಾನದ ಮದ್ದಳೆಯ ಜೊತೆ ಅದು ಸೇರಿಕೊಂಡರೆ ಅಮ್ಮನಿಗೆ ಸಿಟ್ಟು. ಬೇಲಿ ನೋಡಲು ಭಾನುವಾರ ಹೋಗುತ್ತೇನೆ.

ಗ್ಯಾಂಗ್ ಕಂಡೆನ್ಸರ್

ಶಾಭಾಷ್. ಸಂಜೆಯ ತೊಂದರೆ ಆಕಾಶದ್ದು. ಹಗಲಿನಲ್ಲಿ ವಾತಾವರಣದ ಮೇಲಿನ ಒಂದು ಪದರ ಮೀಡಿಯಂ ವೇವನ್ನು ನುಂಗಿಹಾಕುತ್ತದೆ, ಹಾಗಾಗಿ ಹತ್ತಿರದ ನಿಲಯ ಮಾತ್ರ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಅದಕ್ಕೂ ಮೇಲಿನ ಪದರಕ್ಕೆ ಬಡಿದು ಸಾವಿರ ಕಿ.ಮೀ. ಆಚೆಯವರೂ ಅದೇ 675ಕ್ಕೆ ಬಂದು ಇಳಿಯುತ್ತಾರೆ. ಇದಕ್ಕೆ ಉದ್ದ ತಂತಿ ಉಪಯೋಗವಿಲ್ಲ ಮಾಸ್ತರರೇ, ಕೋಪಿಸಿಕೊಳ್ಳಬೇಡಿ. ಅದು ಇಬ್ಬರನ್ನೂ ಒಟ್ಟಿಗೇ ಎಳೆದು ತರುತ್ತದೆ. ಇಲ್ಲಿ ಬೇಕಾದದ್ದು ದಿಕ್ಕು ನೋಡಿ ಕೇಳುವ ಆಂಟೆನಾ. ಅಂದರೆ ಚೌಕಟ್ಟಿನ ಲೂಪ್.

ಎರಡು ಒಣ ಅಡಿಕೆ ದಬ್ಬೆ ತೆಗೆದುಕೊಳ್ಳಿ, ಒಂದೊಂದು ಮೂರಡಿ. ಗುಣಾಕಾರದ ಚಿಹ್ನೆಯಂತೆ ನಡುವೆ ಬೋಲ್ಟ್ ಹಾಕಿ. ನಾಲ್ಕು ತುದಿಯಲ್ಲೂ ಗರಗಸದಿಂದ ಅರ್ಧ ಸೆಂ.ಮೀ.ಗೆ ಒಂದರಂತೆ ಕಚ್ಚು ಮಾಡಿ. ಆ ಕಚ್ಚುಗಳಲ್ಲಿ ಪ್ಲಾಸ್ಟಿಕ್ ಹೊದಿಕೆಯ ಸಾಧಾರಣ ವೈರಿಂಗ್ ತಂತಿಯನ್ನು 12 ಸುತ್ತು ಸುತ್ತಿ. ಚೌಕದ ಒಂದು ಬದಿ 60 ಸೆಂ.ಮೀ. ಬರಲಿ, ಆಗ ತಂತಿ ಸುಮಾರು 30 ಮೀಟರ್ ಬೇಕಾಗುತ್ತದೆ. ಎರಡು ಕೊನೆಗಳನ್ನೂ ಹಳೆಯ ರೇಡಿಯೊದ ಗ್ಯಾಂಗಿಗೆ, ಅಂದರೆ ನಿಲಯ ಹಚ್ಚುವ ಗುಂಡಿಯ ಹಿಂದಿರುವ ತಿರುಗುವ ಕಂಡೆನ್ಸರಿಗೆ, ಬೆಸುಗೆ ಹಾಕಿ. ಅಷ್ಟೇ. ಕರೆಂಟ್ ಬೇಡ, ಸೆಲ್ ಬೇಡ, ರೇಡಿಯೊಕ್ಕೆ ತಂತಿ ಜೋಡಿಸುವುದೂ ಬೇಡ.

ಲೂಪನ್ನು ನಿಲ್ಲಿಸಿ, ಅದರ ಅಂಚು ಭದ್ರಾವತಿಯ ಕಡೆಗಿರಲಿ. ಪಕ್ಕದಲ್ಲಿ ರೇಡಿಯೊ ಇಡಿ, ಫೆರೈಟ್ ಕಡ್ಡಿ ಲೂಪಿನ ಚೌಕಕ್ಕೆ ಅಡ್ಡವಾಗಿ, ಬಾಗಿಲಿಗೆ ಹೊಡೆದ ಮೊಳೆಯ ಹಾಗೆ. 675 ಹಚ್ಚಿ, ಗ್ಯಾಂಗನ್ನು ನಿಧಾನವಾಗಿ ತಿರುಗಿಸಿ. ಒಂದು ಕಡೆ ದನಿ ಥಟ್ಟನೆ ಉಬ್ಬುತ್ತದೆ, ಆ ಕ್ಷಣ ಕೂದಲೆಳೆಯಷ್ಟೇ ಇರುತ್ತದೆ, ಆತುರ ಮಾಡಿದರೆ ದಾಟಿಹೋಗುತ್ತದೆ. ಆಮೇಲೆ ಲೂಪನ್ನೂ ರೇಡಿಯೊವನ್ನೂ ಒಟ್ಟಿಗೆ ತುಸು ತಿರುಗಿಸಿ, ಆ ಪರಭಾಷೆಯ ಹಾಡು ಸಣ್ಣಗಾಗುವ ಕೋನ ಹುಡುಕಿ. ಭದ್ರಾವತಿ ಒಂಚೂರು ಕಡಿಮೆಯಾದರೂ ಚಿಂತೆಯಿಲ್ಲ. ಗೆಲ್ಲಿಸುವುದು ಎಷ್ಟು ಹಿಡಿಯುತ್ತದೆ ಎಂಬುದಲ್ಲ, ಎಷ್ಟು ಬಿಡುತ್ತದೆ ಎಂಬುದು.

ಉದ್ದ ತಂತಿ

ಕೋಪವೇನಿಲ್ಲ. ಆದರೆ ಶಾರ್ಟ್‌ವೇವ್‌ಗೆ ಉದ್ದ ತಂತಿಯೇ ರಾಜ ಎಂಬುದನ್ನು ಒಪ್ಪಿಕೊಂಡರೆ ಮಾತ್ರ ನಿಮ್ಮ ಲೂಪಿಗೆ ನಾನು ಮರ್ಯಾದೆ ಕೊಡುತ್ತೇನೆ.

ಗ್ಯಾಂಗ್ ಕಂಡೆನ್ಸರ್

ಒಪ್ಪಿದೆ. ಮನೆಯ ಗದ್ದಲದಿಂದ ದೂರ ಕಟ್ಟಿದ್ದರೆ.

ಉದ್ದ ತಂತಿ

ಆ "ಇದ್ದರೆ" ಸೇರಿಸದೆ ನಿಮಗೆ ಊಟ ಸೇರುವುದಿಲ್ಲ.

ರಾಗಿಮುದ್ದೆ

ಶಾರ್ಟ್‌ವೇವ್‌ನಲ್ಲಿ ಈಗ ಏನು ಉಳಿದಿದೆ? ಬಿಬಿಸಿ ಹಿಂದಿ 2020ರಲ್ಲೇ ನಿಂತಿತು. ಅಪ್ಪ ಅದನ್ನು ಕೇಳಿ ಹಿಂದಿ ಕಲಿತವರು. ನಿಂತ ಮರುದಿನವೂ ಅದೇ ಹೊತ್ತಿಗೆ ರೇಡಿಯೊ ಹಚ್ಚಿ ಸ್ವಲ್ಪ ಹೊತ್ತು ಬರೀ ಸದ್ದು ಕೇಳಿ ಆರಿಸಿದರು.

ಗೌರಿಬಿದನೂರ ಹುಡುಗಿ

ಆಂಟೆನಾ ಮಾತು ಬಂದಿದೆ, ನಮ್ಮೂರಿನ ಹೆಸರು ಯಾರೂ ಎತ್ತಲಿಲ್ಲ, ಹಾಗಾಗಿ ನಾನೇ ಬಂದೆ. ಗೌರಿಬಿದನೂರಿನ ಹತ್ತಿರ ರೇಡಿಯೊ ದೂರದರ್ಶಕವಿದೆ, 1970ರ ದಶಕದ್ದು. ದೂರದರ್ಶಕ ಎಂದರೆ ದೊಡ್ಡ ಬಾಣಲೆ ಎಂದು ಶಾಲೆಯಲ್ಲಿ ಅಂದುಕೊಂಡು ಹೋದರೆ, ಅಲ್ಲಿ ಬಯಲಿನ ತುಂಬ ಕಂಬ, ತಂತಿ. ಮದುವೆ ಮನೆಯ ಬಟ್ಟೆ ಒಣಹಾಕಲು ಕಟ್ಟಿದಂತೆ. 1000 ಡೈಪೋಲ್, ಇಂಗ್ಲಿಷಿನ ಟಿ ಅಕ್ಷರದ ಆಕಾರ, ಪೂರ್ವ–ಪಶ್ಚಿಮ ಬಾಹುವೇ 1.4 ಕಿ.ಮೀ. ಕೇಳುತ್ತಿದ್ದದ್ದು 34.5 ಮೆಗಾಹರ್ಟ್ಸ್. ಕರಾವಳಿಯವರ ಡೈಪೋಲಿಗೂ ಅದಕ್ಕೂ ತತ್ವ ಒಂದೇ, ಉದ್ದ ಮಾತ್ರ ಮೂರು ಪಟ್ಟು. ಅದು ಸೂರ್ಯನನ್ನೂ ಆಕಾಶಗಂಗೆಯನ್ನೂ ಕೇಳಿತು, ಇದು ಮಂಗಳೂರನ್ನು.

ಕರಾವಳಿ ಕಿವಿ

ಮತ್ತು ಮಲಯಾಳವನ್ನು.

ಮೈಸೂರಿನವ

ಡೈಪೋಲ್ ಎಂದಾಗ ನೆನಪು. 53 ಸೆಂ.ಮೀ.ನ ಎರಡು ಕಡ್ಡಿಗಳನ್ನು ವಿ ಆಕಾರದಲ್ಲಿ, 120 ಡಿಗ್ರಿಗೆ ಹರಡಿ ತಾರಸಿಯ ಮೇಲಿಟ್ಟು ಅಮೆರಿಕದ ಹವಾಮಾನ ಉಪಗ್ರಹಗಳ ಚಿತ್ರ ಹಿಡಿಯುತ್ತಿದ್ದೆ, 137 ಮೆಗಾಹರ್ಟ್ಸ್‌ನಲ್ಲಿ. ಚಿತ್ರದಲ್ಲಿ ಶ್ರೀಲಂಕಾದ ಅಂಚು ಮೊದಲ ಸಲ ಕಂಡಾಗ ಹೆಂಡತಿಯನ್ನು ಎಬ್ಬಿಸಿದ್ದೆ, ಬೈಸಿಕೊಂಡೆ. ಆ ಹಳೆಯ ಉಪಗ್ರಹಗಳು 2025ರಲ್ಲಿ ನಿಂತವು. ಕಡ್ಡಿ ಇನ್ನೂ ತಾರಸಿಯಲ್ಲಿದೆ, ಕಾಗೆ ಕೂರುತ್ತದೆ.

ಬೆಟ್ಟದಡಿ (ಜೂನ್ 2)

ಕ್ಷಮಿಸಿ, ತೋಟದ ಕೆಲಸ. ಬೇಲಿಯ ಕಥೆ ಮೊದಲು. ಶುಕ್ರವಾರ ರಾತ್ರಿ ಒಳ್ಳೆಯ ಮಳೆ ಬಂತು, ಟಕ್ ಟಕ್ ಎರಡು ಪಟ್ಟಾಯಿತು. ಲೈನ್‌ಮ್ಯಾನ್ ಅವರ ಗುರುತು ನೆನಪಾಗಿ ಕೊಡೆ ಹಿಡಿದು ಹೊರಟೆ. ಹಳ್ಳದ ಮೂಲೆಯಲ್ಲಿ ಲಂಟಾನದ ಒಂದು ಕೊಂಬೆ ಕೆಳತಂತಿಯ ಮೇಲೆ ಒರಗಿತ್ತು. ಸೆಕೆಂಡಿಗೊಮ್ಮೆ ನೀಲಿ ಕಿಡಿ, ಪಕ್ಕದ ಎಲೆಗಳು ಸುಟ್ಟು ಕರಕಲು. ಅಲ್ಲೇ ನಿಂತು ಲೆಕ್ಕ ಹಾಕಿದರೆ ಇದು ಕೊನೇಪಕ್ಷ ಎರಡು ವರ್ಷದಿಂದ ನಡೆದಿದೆ. ಹಂದಿಗಳು ಆ ಮೂಲೆಯಿಂದಲೇ ನುಗ್ಗುತ್ತಿದ್ದದ್ದೂ ಈಗ ಅರ್ಥವಾಯಿತು, ಹೊಡೆತದ ಬಲ ಅಲ್ಲೇ ಸೋರಿಹೋಗುತ್ತಿತ್ತು. ಬೆಳಿಗ್ಗೆ ಯಂತ್ರ ಆರಿಸಿ ಸವರಿದೆವು, ಒಡೆದ ಇನ್ಸುಲೇಟರ್ ಎರಡು ಬದಲಾಯಿಸಿದೆವು. ಈಗ ಟಕ್ ಎನ್ನುವುದು ಕಿವಿಗೊಟ್ಟು ಕೇಳಿದರೆ ಮಾತ್ರ.

ಲೂಪ್ ಸಹ ಆಯಿತು. ಗ್ಯಾಂಗ್ ಸಿಕ್ಕಿದ್ದು ಶಿವಮೊಗ್ಗದ ಗುಜರಿಯಲ್ಲಿ, ಸಣ್ಣ ಪ್ಲಾಸ್ಟಿಕ್ ಪೆಟ್ಟಿಗೆಯದು. 12 ಸುತ್ತಿಗೆ 720ರವರೆಗೆ ಮಾತ್ರ ಇಳಿಯಿತು, 675 ಸಿಗಲಿಲ್ಲ.

ಗ್ಯಾಂಗ್ ಕಂಡೆನ್ಸರ್

ಪ್ಲಾಸ್ಟಿಕ್ ಗ್ಯಾಂಗಿಗೆ ಕೆಪಾಸಿಟಿ ಕಡಿಮೆ. ಅದರ ಎರಡೂ ಭಾಗಗಳನ್ನು ಒಟ್ಟು ಸೇರಿಸಿದ್ದೀರಾ? ಸೇರಿಸಿದ್ದರೂ ಸಾಲದಿದ್ದರೆ ಇನ್ನೆರಡು ಸುತ್ತು ಸುತ್ತಿ.

ಬೆಟ್ಟದಡಿ (ಜೂನ್ 4)

ಎರಡು ಸುತ್ತು ಹೆಚ್ಚಿಸಿದೆ. ಸಿಕ್ಕಿತು! ನೀವು ಹೇಳಿದ ಆ ಥಟ್ಟನೆ ಉಬ್ಬುವುದು ಇದೆಯಲ್ಲ, ಅಮ್ಮ ಬೆಚ್ಚಿಬಿದ್ದು "ಯಾರು ಬಂದರು?" ಎಂದರು. ಸಂಜೆಯ ಪರಭಾಷೆಯ ಹಾಡು ಪೂರ್ತಿ ಹೋಗಿಲ್ಲ, ಆದರೆ ಪಕ್ಕದ ಮನೆಗೆ ಹೋದಂತಾಗಿದೆ. ಜಗಲಿಯಲ್ಲಿ ರೇಡಿಯೊ ಇಡುವ ಜಾಗಕ್ಕೆ ಸುಣ್ಣದಿಂದ ಗುರುತು ಹಾಕಿದ್ದೇನೆ, ಅಮ್ಮ ಕೈಯಿಂದ ತಡವಿ ಅದರೊಳಗೇ ಇಡುತ್ತಾರೆ.

ಮಗನಿಗೆ ಒಳ್ಳೆಯ ಚಾರ್ಜರ್ ಕೊಡಿಸಬೇಕಾಯಿತು. ಒಟ್ಟು ಖರ್ಚಿನಲ್ಲಿ ಅದೇ ಹೆಚ್ಚು.

ಉದ್ದ ತಂತಿ

ಬಹಳ ಸಂತೋಷ. ಹಾಗಾದರೆ ಉದ್ದ ತಂತಿ ಎಳೆಯಲೇ ಇಲ್ಲವೇ?

ಬೆಟ್ಟದಡಿ

ಮಾಸ್ತರರೇ, ನಿಜ ಹೇಳುತ್ತೇನೆ. ಗ್ಯಾಂಗ್ ಅವರು ಕೊಳ್ಳಬೇಡಿ ಎನ್ನುವ ಮೊದಲೇ ತಂತಿ ತಂದಾಗಿತ್ತು. ಜಗಲಿಯಿಂದ ಕೊಟ್ಟಿಗೆಯ ಮಾಡಿನ ಕೆಳಗೆ, ಅಲ್ಲಿಂದ ತೋಟದ ಅಂಚಿನವರೆಗೆ ಎಳೆದಿದ್ದೇನೆ. ರೇಡಿಯೊಕ್ಕೆ ಜೋಡಿಸಿಲ್ಲ. ಮಾಡಿನ ಕೆಳಗಿನ ಭಾಗದಲ್ಲಿ ಅಮ್ಮ ಸೀರೆ ಒಣಹಾಕುತ್ತಿದ್ದಾರೆ.

ಗೌರಿಬಿದನೂರ ಹುಡುಗಿ

ನಮ್ಮೂರಿನ ದೂರದರ್ಶಕದಂತೆಯೇ ಆಯಿತು.

ನಿವೃತ್ತ ಲೈನ್‌ಮ್ಯಾನ್

ತೋಟದ ಕಡೆಯ ಭಾಗವನ್ನು ಇವತ್ತೇ ಕತ್ತರಿಸಿ ತೆಗೆಯಿರಿ. ಗುಡುಗು ಶುರುವಾದಾಗ ಆ ತಂತಿಯಿಂದ ಸೀರೆ ತೆಗೆಯಲು ನಿಮ್ಮ ತಾಯಿಯವರು ಓಡಬಾರದು.

ಬೆಟ್ಟದಡಿ

ಕತ್ತರಿಸಿದೆ. 22 ಮೀಟರ್ ಉಳಿದಿದೆ. ಪಕ್ಕದ ಮನೆಯ ಶೀನಣ್ಣನಿಗೂ ಒಂದು ಲೂಪ್ ಬೇಕಂತೆ. ಗ್ಯಾಂಗ್ ಅವರೇ, 22 ಮೀಟರಿನಲ್ಲಿ ಆಗುತ್ತದೆಯೇ?

ಗ್ಯಾಂಗ್ ಕಂಡೆನ್ಸರ್

ಚೌಕ ಚಿಕ್ಕದು ಮಾಡಿದರೆ ದನಿಯೂ ಚಿಕ್ಕದಾಗುತ್ತದೆ. ಹತ್ತಿಪ್ಪತ್ತು ಮೀಟರ್ ಹೆಚ್ಚಿಗೆ ತಂದು ಬೆಸುಗೆ ಹಾಕಿ ಸೇರಿಸಿ. ಮೊದಲು ಅವರ ಮನೆಯ ಚಾರ್ಜರ್ ಯಾವುದೆಂದು ನೋಡಿ ಬನ್ನಿ.